ಜವಾದ್ ಸಾಹೇಬರ ಜಗಳ, ಬಕರ್ ಸಾಹೇಬರ ಊಟ

ನಮ್ಮ ಮನೆಯ ಕೆಳಗೆ ಒಂದು ಕ್ಷೌರದಂಗಡಿ ಇದೆ. ನೆದರ್ಲೆಂಡ್ಸಿನ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಈ ಊರಿನಲ್ಲಿ ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆದರೂ ನೆರೆಯವರು ಮುಖ ತಿರುಗಿಸುತ್ತಾರೆ. ಅಂಥ ಊರಿನಲ್ಲಿ ಆ ಅಂಗಡಿಯಿಂದ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಜಗಳ ಕೇಳಿಸುತ್ತಿತ್ತು. ಬಂದ ಹೊಸದರಲ್ಲಿ ನಾನು ಪೊಲೀಸರಿಗೆ ಫೋನ್ ಮಾಡಬೇಕೆಂದು ಕೆಳಗಿಳಿದೆ. ನೋಡಿದರೆ ಇಬ್ಬರು ಇರಾಕಿ ಮುದುಕರು, ಎರಡು ಕುರ್ಚಿ, ಎರಡು ಕತ್ತರಿ. ಕುರ್ಚಿಗಳಲ್ಲಿ ಡಚ್ ಗಿರಾಕಿಗಳು ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಿದ್ದರು. ಜಗಳದ ವಿಷಯ, ಚಹಾಕ್ಕೆ ಎಷ್ಟು ಏಲಕ್ಕಿ ಹಾಕಬೇಕು ಎಂಬುದು.

ಹಿರಿಯರು ಜವಾದ್ ಸಾಹೇಬರು. ಬಾಗ್ದಾದಿನವರು, ಶಿಯಾ ಪಂಗಡ. ಆಳು ತೆಳ್ಳಗೆ, ಮಾತು ದಪ್ಪ. ಇನ್ನೊಬ್ಬರು ಬಕರ್ ಸಾಹೇಬರು. ಅದೇ ಊರಿನವರು, ಆದರೆ ಸುನ್ನಿ. ಕುಳ್ಳಗೆ, ಗುಂಡಗೆ, ಬಾಯಿಗಿಂತ ಹುಬ್ಬಿನಲ್ಲೇ ಹೆಚ್ಚು ಬೈಯುವವರು. ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು. ನನ್ನೊಡನೆ ಅವರು ಆಡುತ್ತಿದ್ದುದು ಅರ್ಧ ಡಚ್, ಅರ್ಧ ಇಂಗ್ಲಿಷ್. ಅದನ್ನು ಇಲ್ಲಿ ನನಗೆ ಬರುವ ಬೆಂಗಳೂರು ಕನ್ನಡಕ್ಕೆ ಇಳಿಸಿದ್ದೇನೆ.

ಬಾಗ್ದಾದಿನಲ್ಲೂ ಇವರದು ಒಂದೇ ಅಂಗಡಿಯಾಗಿತ್ತು. ನದಿಯ ಈ ದಡದಲ್ಲಿ ಒಬ್ಬರ ಮನೆ, ಆ ದಡದಲ್ಲಿ ಇನ್ನೊಬ್ಬರದು. ಅಮೆರಿಕದ ಸೈನ್ಯ ಬಂದು ತಳವೂರಿದ ಮೇಲೆ ಶಿಯಾ-ಸುನ್ನಿ ಕೊಲೆಗಳು ಶುರುವಾದವು, ಸೈನಿಕರು ಮೊಹಲ್ಲಾಗಳ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ಒಮ್ಮೆ ಒಬ್ಬ ಸೈನಿಕ ಬಂದೂಕು ಹಿಡಿದು ಅಂಗಡಿಗೆ ನುಗ್ಗಿ, ದುಭಾಷಿಯ ಮೂಲಕ, "ನೀನು ಸುನ್ನಿನಾ, ಶಿಯಾನಾ?" ಎಂದು ಕೇಳಿದನಂತೆ.

"ಕ್ಷೌರಿಕ" ಎಂದರಂತೆ ಜವಾದ್ ಸಾಹೇಬರು.

ಆ ಉತ್ತರವನ್ನು ಏನು ಮಾಡಬೇಕೆಂದು ಸೈನಿಕನಿಗೂ ತಿಳಿಯಲಿಲ್ಲ, ದುಭಾಷಿಗೂ ತಿಳಿಯಲಿಲ್ಲ. ಕೊನೆಗೆ ಅವನು ಬಂದೂಕು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು ಕ್ಷೌರ ಮಾಡಿಸಿಕೊಂಡು ಹೋದನಂತೆ.

ಎರಡೂ ಕಡೆಯ ಬಂದೂಕಿನವರಿಗೆ ಆಗ ಒಮ್ಮತವಿದ್ದುದು ಒಂದೇ ವಿಷಯದಲ್ಲಿ. ಗಡ್ಡ ಬೋಳಿಸುವವನು ಬದುಕಿರಬಾರದು! ಅಂಗಡಿಯ ಬಾಗಿಲ ಸಂದಿಯಲ್ಲಿ ಒಂದು ದಿನ ಬೆದರಿಕೆಯ ಗುಂಡು ಬಂದು ಬಿತ್ತು. ವಾರದೊಳಗೆ ಇನ್ನೊಂದು. ಒಂದು ಶಿಯಾಗಳದು, ಒಂದು ಸುನ್ನಿಗಳದು. ಅತ್ತ ದರಿ, ಇತ್ತ ಪುಲಿ. ಅಂಥ ಹೊತ್ತಿನಲ್ಲೂ "ನಿಮ್ಮವರ ಗುಂಡು ಸಣ್ಣದು" ಎಂದು ಜವಾದ್, "ನಿಮ್ಮವರದು ತುಕ್ಕು ಹಿಡಿದದ್ದು" ಎಂದು ಬಕರ್. ಕೊನೆಗೆ ಇಬ್ಬರೂ ಒಟ್ಟಿಗೇ ಊರು ಬಿಟ್ಟು ಈ ದೇಶ ಸೇರಿದರು. ಈ ಕತೆ ಹೇಳುವಾಗ ಇಬ್ಬರೂ ಕತ್ತರಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅರ್ಧ ಕತ್ತರಿಸಿದ ತಲೆ ಹೊತ್ತ ಗಿರಾಕಿ ಸುಮ್ಮನೆ ಕಾಯಬೇಕು.

ರಂಜಾನ್ ತಿಂಗಳು ಬಂತೆಂದರೆ ಜಗಳಕ್ಕೇ ಹಬ್ಬ. ಸೂರ್ಯ ಮುಳುಗಿದ ಕೂಡಲೇ ಸುನ್ನಿಗಳು ಉಪವಾಸ ಬಿಡುತ್ತಾರೆ. ಶಿಯಾಗಳು ಮೂಡಲ ಬಾನಿನ ಕೆಂಪು ಆರುವವರೆಗೆ ಇನ್ನೊಂದು ಹದಿನೈದು ನಿಮಿಷ ಕಾಯುತ್ತಾರೆ. ಆ ಹದಿನೈದು ನಿಮಿಷಕ್ಕಾಗಿ ಬಕರ್ ಸಾಹೇಬರು ವರ್ಷವೆಲ್ಲ ಕಾದಿರುತ್ತಿದ್ದರು. ಜವಾದರ ಎದುರಿಗೇ ಕುರ್ಚಿ ಎಳೆದುಕೊಂಡು, ಖರ್ಜೂರ ಚೀಪಿ, ಬೇಳೆಯ ಸೂಪನ್ನು ಸೊರ್ರೆಂದು ಹೀರಿ, "ನಿಮ್ಮ ಸೂರ್ಯ ಇನ್ನೂ ಮುಳುಗ್ಲಿಲ್ವಾ? ಪಾಪ" ಎನ್ನುತ್ತಿದ್ದರು. ನಾನು ಮೇಲುಕೋಟೆ ಕಡೆಯ ಅಯ್ಯಂಗಾರಿ, ಹೆಂಡತಿ ಸರಳಾ ಮೈಸೂರಿನ ಸ್ಮಾರ್ತರ ಮನೆಯವಳು. ಏಕಾದಶಿ ಇವತ್ತೋ ನಾಳೆಯೋ ಎಂಬ ಜಗಳ ನೋಡಿಯೇ ಬೆಳೆದವರು. ಇವರದು ನಮಗೆ ಹೊಸದೆನ್ನಿಸಲಿಲ್ಲ.

2020ರ ವಸಂತದಲ್ಲಿ ಕೊರೊನಾ ಬಂದು ಅಂಗಡಿಗೆ ಬೀಗ ಬಿತ್ತು. ಕೆಳಗಿನ ಮೌನಕ್ಕೆ ನನಗೆ ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡಲೂ ಆಗುತ್ತಿರಲಿಲ್ಲ. ರಂಜಾನಿಗೆ ಸ್ವಲ್ಪ ಮುಂಚೆ ಬಕರ್ ಸಾಹೇಬರಿಗೆ ರೋಗ ತಗುಲಿ, ರಾಟರ್‌ಡ್ಯಾಮಿನ ಆಸ್ಪತ್ರೆಗೆ ಸೇರಿಸಿದರು. ಮೂಗಿಗೆ ಆಮ್ಲಜನಕದ ನಳಿಗೆ, ವಿಪರೀತ ಜ್ವರ. ಜವಾದ್ ಸಾಹೇಬರು ದಿನವಿಡೀ ಹಿತ್ತಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಎರಡು ವಾರದಲ್ಲಿ ಜ್ವರ ಇಳಿಯಿತು. ಅಸಲು ಗಂಡಾಂತರ ಬಂದದ್ದು ಆಮೇಲೆ. ಪ್ರಜ್ಞೆ ನೆಟ್ಟಗಾದ ಬಕರ್ ಸಾಹೇಬರು ಮೊದಲು ಕೇಳಿದ್ದೇ ಇವತ್ತು ಯಾವ ತಾರೀಕು ಎಂದು. ರಂಜಾನ್ ಶುರುವಾಗಿದೆಯೆಂದು ತಿಳಿಯಿತು. ಅವತ್ತಿನಿಂದ ಹಗಲು ಊಟವಿಲ್ಲ, ನೀರಿಲ್ಲ, ಡ್ರಿಪ್ಪಿನ ಸೂಜಿಯನ್ನೂ ಚುಚ್ಚಗೊಡಲೊಲ್ಲರು. ಈ ದೇಶದಲ್ಲಿ ಮೇ ತಿಂಗಳ ಸೂರ್ಯ ಒಂಬತ್ತು ಗಂಟೆಗೂ ಮುಳುಗುವುದಿಲ್ಲ. ಮುಳುಗಿದ ಮೇಲೂ ಆ ಸೋತ ದೇಹಕ್ಕೆ ಒಂದೆರಡು ಗುಟುಕು ನೀರಿಗಿಂತ ಹೆಚ್ಚು ಸೇರುತ್ತಿರಲಿಲ್ಲ. ನರ್ಸ್ ತಟ್ಟೆ ತಂದಾಗಲೆಲ್ಲ "ಸ್ಟ್ರಾಕ್ಸ್" ಎನ್ನುವರು, ಆಮೇಲೆ ಎಂದರ್ಥ. ಹೀಗೇ ಇನ್ನೆರಡು ದಿನ ಹೋದರೆ ಮೂತ್ರಪಿಂಡ ಕೈಕೊಡುತ್ತದೆ, ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಜವಾದರಿಗೆ ಫೋನ್ ಮಾಡಿ ಹೇಳಿದರು. ಬಲವಂತವಾಗಿ ತಿನ್ನಿಸಲು ಕಾನೂನು ಬಿಡುವುದಿಲ್ಲ. ಕಾಯಿಲೆಯವನಿಗೆ ಉಪವಾಸದಿಂದ ರಿಯಾಯಿತಿ ಇದೆಯೆಂದು ಒಬ್ಬ ಸುನ್ನಿ ಇಮಾಮರಿಂದಲೇ ಹೇಳಿಸಿದ್ದಾಯಿತು. "ಆ ಇಮಾಮ ಮೊರಾಕ್ಕೋದವನು, ಇರಾಕಿನವರ ಹೊಟ್ಟೆ ವಿಷಯ ಅವನಿಗೇನು ಗೊತ್ತು" ಎಂದರಂತೆ ಬಕರ್. ಸ್ವೀಡನ್ನಿನಿಂದ ಮಗಳು ಅತ್ತು ಕರೆದರೂ ಕೇಳಲಿಲ್ಲ.

"ನೀವೊಂದ್ಸಲ ಪ್ರೀತಿಯಿಂದ ಮಾತಾಡಿ ನೋಡಿ, ಸಾಹೇಬ್ರೆ" ಎಂದು ನಾನೇ ಹೇಳಿದೆ. ಇದು ನಾನು ಮಾಡಿದ ತಪ್ಪು. ಜವಾದರದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ಹಿತ್ತಿಲಿನಲ್ಲಿ, ಕೊರೊನಾ ನಿಯಮದ ಒಂದೂವರೆ ಮೀಟರ್ ದೂರಕ್ಕೆ ನನ್ನ ಲ್ಯಾಪ್‌ಟಾಪ್ ಇಟ್ಟು, ಆಸ್ಪತ್ರೆಯ ಟ್ಯಾಬ್ಲೆಟ್ಟಿಗೆ ವಿಡಿಯೋ ಕರೆ ಹಚ್ಚಿದೆ. ಅವರು ಅರಬ್ಬಿಯಲ್ಲಿ ಮಾತಾಡಿದ್ದನ್ನು ಜವಾದ್ ಆಮೇಲೆ ನನಗೆ ಹೇಳಿದರು.

"ಬಕರ್, ನನ್ನ ಕಣ್ಣೇ, ನನ್ನ ಜೀವವೇ" ಎಂದು ಶುರು ಮಾಡಿದರು.

ಪರದೆಯ ಮೇಲೆ ಬಕರ್ ಸಾಹೇಬರ ಮುಖ ಬಿಳಿಚಿಕೊಂಡಿತು. "ಡಾಕ್ಟ್ರು ನಿನಗೆ ಏನಂದ್ರು? ನಾನು ಸಾಯ್ತಿದೀನಾ?"

"ಇಲ್ಲಪ್ಪ. ನೀನು ಒಳ್ಳೆಯವನು ಅಂತ ಹೇಳೋಣ ಅಂತ..."

"ಅಯ್ಯೋ, ಸತ್ತೇ ಹೋದೆ!" ಎಂದು ಬಕರ್ ಕೂಗಿಕೊಂಡರು. ಪಕ್ಕದ ಯಂತ್ರ ಕೀಂ ಕೀಂ ಎಂದು ಬಡಿದುಕೊಂಡಿತು. ನರ್ಸ್ ಓಡಿ ಬಂದು ಕರೆ ಕತ್ತರಿಸಿದಳು.

ಜವಾದ್ ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಅವತ್ತು, ನಾನು ಕೇಳದೆಯೇ, ಒಂದು ವಿಷಯ ಹೇಳಿದರು. ಅವರ ತಮ್ಮ ಹೈದರನನ್ನು ಸುನ್ನಿ ಮೊಹಲ್ಲಾದಲ್ಲಿ ಅಡ್ಡಗಟ್ಟಿ, ಹೆಸರು ಕೇಳಿ, ಅದು ಶಿಯಾ ಹೆಸರೆಂದೇ ಕೊಂದರು. ಹೆಣ ತರಲು ಮನೆಯವರು ಯಾರೂ ಆ ದಡಕ್ಕೆ ಕಾಲಿಡುವಂತಿರಲಿಲ್ಲ. ತರಕಾರಿ ಗಾಡಿಯಲ್ಲಿ ಅದನ್ನು ಮುಚ್ಚಿಕೊಂಡು ಸೇತುವೆ ದಾಟಿಸಿ ತಂದವರು ಬಕರ್. ಶಿಯಾಗಳ ಈ ದಡದಲ್ಲಿ ಬಕರ್ ಎಂಬ ಸುನ್ನಿ ಹೆಸರಿಗೂ ಅದೇ ಗತಿಯಾಗುತ್ತಿತ್ತು. "ನನಗೆ ಇನ್ಯಾರಿದಾರೆ, ಯತಿರಾಜ್?" ಎಂದರು.

ಮೇಲೆ ಬಂದು ಸರಳಾಳಿಗೆ ಹೇಳಿದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು.

"ರೀ, ನಮ್ಮ ಮದುವೆಯಾದ ವರ್ಷ ಮಾವನವರು ಮೈಸೂರಿಗೆ ಬಂದಿದ್ರಲ್ಲ, ಆ ಗೋಕುಲಾಷ್ಟಮಿ ಮರೆತ್ರಾ?"

ಮರೆಯುವುದುಂಟೇ! ಅವತ್ತು ನನ್ನ ಅಪ್ಪನಿಗೆ ಅಜೀರ್ಣ, ಏನೂ ಬೇಡವೆಂದು ಕೂತಿದ್ದರು. ಸರಳಾಳ ಮನೆಯಲ್ಲಿ ಅಂದೇ ಅಷ್ಟಮಿಯ ಉಪವಾಸ. ನಮ್ಮ ಪಂಚಾಂಗದಲ್ಲಿ ಮಾರನೆಯ ದಿನ. ಅವಳ ಅಪ್ಪ ನಗುತ್ತ, "ಓಹೋ, ಬೀಗರು ನಮ್ಮ ಲೆಕ್ಕಕ್ಕೇ ಬಂದ್ಬಿಟ್ರು!" ಎಂದರು. ಅಷ್ಟೇ. ನನ್ನ ಅಪ್ಪ ಎದ್ದು ಎಲೆ ಹಾಕಿಸಿ, ಹುಳಿ, ಪಲ್ಯ, ಎರಡು ಸಲ ಮೊಸರನ್ನ ಹೊಡೆದು, ಎಲ್ಲರಿಗೂ ಕೇಳುವಂತೆ ತೇಗಿದರು.

"ಬೈಯೋವ್ರ ಬಾಯಲ್ಲಿ ಬೆಲ್ಲ ಹಾಕಿಸಿದ್ರಲ್ಲ ನೀವು," ಎಂದಳು ಸರಳಾ. "ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ರೀ."

ಕೆಳಗಿಳಿದು ಈ ಕತೆ ಹೇಳಿದೆ. ಜವಾದ್ ಸಾಹೇಬರು ಕೂತಲ್ಲಿಂದ ಎದ್ದು ನಿಂತರು. ಇವತ್ತು ರಾತ್ರಿ ಬಕರನಿಗೆ ನೀರು ಕೊಟ್ಟದ್ದು ಎಷ್ಟು ಹೊತ್ತಿಗೆ ಎಂದು ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕೇಳು ಎಂದರು. ಮಾರನೆಯ ದಿನ ಬೆಳಿಗ್ಗೆ ಕೇಳಿದೆ, ಮಧ್ಯಾಹ್ನ ಮತ್ತೆ ಲ್ಯಾಪ್‌ಟಾಪ್ ಇಟ್ಟೆವು. ಬಕರ್ ಸಾಹೇಬರ ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಮುಟ್ಟದ ತಟ್ಟೆ ಪಕ್ಕದಲ್ಲೇ ಇತ್ತು. ನೋಡಿ ನನಗೆ ಭಯವಾಯಿತು.

"ಮುಬಾರಕ್ ಬಕರ್!" ಎಂದರು ಜವಾದ್. "ಕೊನೆಗೂ ದಾರಿಗೆ ಬಂದೆ."

"ಯಾವ ದಾರಿ?" ದನಿ ಕೀರಲಾಗಿತ್ತು.

"ನಮ್ಮ ದಾರಿ. ನಿನ್ನೆ ಸೂರ್ಯ ಮುಳುಗಿದ್ದು ಒಂಬತ್ತೂಕಾಲಿಗೆ. ನೀನು ನೀರು ಕುಡಿದಿದ್ದು ಒಂಬತ್ತೂವರೆಗೆ. ಅಪ್ಪಟ ಶಿಯಾ ಲೆಕ್ಕ."

"ಆ ನರ್ಸ್ ಬಂದಿದ್ದೇ ಲೇಟು! ಪರದೆ ಎಳೆದಿದ್ರು, ನನಗೆ ಹೊತ್ತು ಗೊತ್ತಾಗ್ಲಿಲ್ಲ!"

"ಮೊದಮೊದಲು ಎಲ್ಲರೂ ಹಾಗೇ ಹೇಳೋದು. ನಿನ್ನ ಮಗಳಿಗೂ ಫೋನ್ ಮಾಡಿ ಹೇಳಿದೀನಿ, ನಿಮ್ಮಪ್ಪ ನಮ್ಮವನಾದ ಅಂತ. ಇವತ್ತೂ ನರ್ಸ್ ಒಂಬತ್ತೂವರೆಗೇ ಬರೋದು. ಹಾಗೇ ಮುಂದುವರಿಸು, ಶಭಾಷ್."

ಬಕರ್ ಸಾಹೇಬರ ಹುಬ್ಬು ಮೇಲೇರಿತು. ಎಷ್ಟೋ ದಿನಗಳಾಗಿತ್ತು ಆ ಹುಬ್ಬು ನೋಡಿ. ಮೊಣಕೈ ಊರಿ ಎದ್ದು ಕೂತು, "ನಿನ್ನ ಲೆಕ್ಕಕ್ಕೆ ಉಪವಾಸ ಮಾಡೋದಕ್ಕಿಂತ ಕಾಯಿಲೆಯವನಿಗಿರೋ ರಿಯಾಯಿತಿ ತಗೋತೀನಿ ನಾನು! ನಮ್ಮ ಇಮಾಮರೇ ಹೇಳಿದಾರೆ!" ಎಂದು ಅರಚಿದರು. ಮೊರಾಕ್ಕೋದವನು ಒಂದೇ ರಾತ್ರಿಯಲ್ಲಿ ನಮ್ಮ ಇಮಾಮರಾಗಿದ್ದರು.

ಮೊದಲು ಇಡೀ ಲೋಟ ನೀರು ಕುಡಿದರು. ಆಮೇಲೆ ಸೂಪನ್ನು ಜವಾದರಿಗೆ ಕೇಳಿಸಲೆಂದೇ ಸೊರ್ರೆಂದು ಹೀರಿದರು. ಚೀಸಿನ ಬ್ರೆಡ್ಡನ್ನು ಪರದೆಗೆ ಹತ್ತಿರ ಹಿಡಿದು ಕಚ್ಚಿ ಕಚ್ಚಿ ತೋರಿಸಿದರು. ಜವಾದ್ ಒಂದೇ ಸಮನೆ ಬೈಯುತ್ತಿದ್ದರು: ಧರ್ಮಗೇಡಿ, ಹೊಟ್ಟೆಬಾಕ, ಕತ್ತರಿ ಹಿಡಿಯಲು ಬಾರದವನು. ಬಕರ್ ಪ್ರತಿ ಬೈಗುಳಕ್ಕೂ ಒಂದು ತುತ್ತು ತಿಂದರು. ಡ್ರಿಪ್ಪಿನ ಸೂಜಿಗೆ ತಾವಾಗಿಯೇ ಕೈ ನೀಡಿದರು. ನರ್ಸ್ ಗಾಬರಿಯಿಂದ ನನ್ನನ್ನು ನೋಡಿದಾಗ, ಎಲ್ಲ ಸರಿಯಾಗಿದೆ, ಬೈಯಲು ಬಿಡಿ ಎಂದು ಸನ್ನೆ ಮಾಡಿದೆ.

ಕರೆ ಮುಗಿಯಿತು. ಜವಾದ್ ಸಾಹೇಬರು ಮೆಟ್ಟಿಲಿನಿಂದ ಏಳಲಿಲ್ಲ.

"ಯತಿರಾಜ್, ಅವನು ಪೂರ್ತಿ ತಿಂದನಾ? ನನಗೆ ಕಣ್ಣಿಗೆ ಸರಿಯಾಗಿ ಕಾಣ್ಲಿಲ್ಲ."

ಅವರ ಗಡ್ಡದ ತನಕ ಒದ್ದೆಯಾಗಿತ್ತು. ಹೆಗಲ ಮೇಲೆ ಕೈಯಿಡಬೇಕೆನ್ನಿಸಿತು, ಆದರೆ ಆ ಹಾಳು ಒಂದೂವರೆ ಮೀಟರ್.

"ತಟ್ಟೆ ಖಾಲಿ ಆಯ್ತು, ಸಾಹೇಬ್ರೆ."

ಅವರು ತೋಳಿನಿಂದ ಮುಖ ಒರೆಸಿಕೊಂಡರು. "ನಾಳೆನೂ ಇದೇ ಹೊತ್ತಿಗೆ ಬಾ," ಎಂದರು. "ಅವನು ಮನೆಗೆ ಬರೋವರೆಗೂ ದಿನಾ ಬೈಬೇಕು."