ದೂಧಗಂಗೆ ಕುರಿ ಬೇಡಿದ ದಿನ

ರಾಮವ್ವ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ರಾಯಬಾಗ ತಾಲೂಕಿನ ಅಲಖನೂರಿನವಳು. ಎಂಬತ್ತರ ದಶಕದಲ್ಲಿ ಪ್ರತಿ ಬೇಸಿಗೆ ಗಂಡ ಜಕ್ಕಪ್ಪನೊಂದಿಗೆ ಕುರಿ ಹೊಡೆದುಕೊಂಡು ಚಿಕ್ಕೋಡಿ ಕಡೆ ಬರುತ್ತಿದ್ದಳು. ಕಬ್ಬು ಕಡಿದ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಅವರ ಹಿಂಡನ್ನು ನಿಲ್ಲಿಸಿಕೊಳ್ಳುತ್ತಿದ್ದೆವು. ಹೊಲ ದೂಧಗಂಗೆಯ ತಿರುವಿನಲ್ಲಿದೆ. ಮೂರು ಕಡೆ ಹೊಳೆ, ಒಂದು ಕಡೆ ಹಳ್ಳ. ನಾನಾಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ರಜೆಯಲ್ಲಿ ಹೊಲಕ್ಕೆ ಬಂದು ಬಾವಿಕಟ್ಟೆಯ ಮೇಲೆ ಪ್ರಾಚೀನ ಗ್ರೀಕರ ದುರಂತ ನಾಟಕಗಳನ್ನು ಓದುತ್ತಿದ್ದೆ.

“ಏನ ಐತ್ರಿ ಅಕ್ಕಾರ ಅದರಾಗ? ಮುಖಾ ಗಂಟ ಹಾಕ್ಕೊಂಡ ಓದಾಕತ್ತೀರಿ,” ಎಂದು ಒಂದು ಸಂಜೆ ಕೇಳಿದಳು.

ಹೇಳಿದೆ. ದೇವರ ಬಾಯಿಂದ ಕೇಡಿನ ನುಡಿ ಬರುತ್ತದೆ. ಕೇಳಿದವನು ತಪ್ಪಿಸಿಕೊಳ್ಳಲು ಓಡುತ್ತಾನೆ. ಓಡಿದ ದಾರಿಯೇ ಅವನನ್ನು ಆ ಕೇಡಿನ ಎದುರಿಗೆ ತಂದು ನಿಲ್ಲಿಸುತ್ತದೆ. ಅವನನ್ನು ಕೆಡವಿದ್ದು ವಿಧಿಯೋ, ಅವನದೇ ಆಯ್ಕೆಯೋ ಎಂದು ವಿದ್ವಾಂಸರು ಇಂದಿಗೂ ಜಗಳಾಡುತ್ತಾರೆ.

“ಓಡೂದ್ಯಾಕ? ದೇವ್ರ ಮೊದಲ ಹೇಳೂದ ತಯಾರ ಆಗ್ಲಿ ಅಂತ,” ಎಂದಳು.

“ಹೇಳಿಕಿ ಅಂದ್ರ ಹುಡಗಾಟ ಅಲ್ಲ, ಸುಮ್ನಿರ,” ಎಂದ ಜಕ್ಕಪ್ಪ. ಅವನ ಅಂಜಿಕೆಗೆ ಕಾರಣವಿತ್ತು. ಆ ವರ್ಷ ಅವರೂರ ಪೂಜಾರಿ ಮಾಳಸಿದ್ದ ಮೈಮೇಲೆ ದೇವರು ಬಂದಾಗ ಅವನಿಗೆ ಹೇಳಿಕೆ ನುಡಿದಿದ್ದ: “ಈ ಮಳಿಗಾಲಕ್ಕ ಹೊಳಿ ನಿನ್ನ ಕುರಿ ಬೇಡತೈತಿ.”

ಅದು ೧೯೮೮ರ ಜೂನ್. ಘಟ್ಟದಲ್ಲಿ ಮಳೆ ಜೋರಾಗಿ ಒಂದೇ ರಾತ್ರಿಯಲ್ಲಿ ಹಳ್ಳ ತುಂಬಿತು, ಹೊಳೆ ಏರಿತು. ಹೊಲದಿಂದ ಆಚೆ ದಂಡೆ ಸೇರಲು ಉಳಿದದ್ದು ಬಾಂದಾರ ಒಂದೇ. ಹೊಳೆಗೆ ಅಡ್ಡ ಕಟ್ಟಿದ ಆ ತಗ್ಗಿನ ಗೋಡೆ ಬೇಸಿಗೆಯಲ್ಲಿ ಸೇತುವೆ, ಮಳೆಗಾಲದಲ್ಲಿ ನೀರಿನ ಕೆಳಗೆ. ಬೆಳಿಗ್ಗೆಯೇ ನೀರು ಅದರ ಅಂಚು ಮುಟ್ಟಿತ್ತು. ಜಕ್ಕಪ್ಪ ಕಂಬಳಿ ಹೊದ್ದು ಹೊಲದ ನಡುವೆ ಕೂತುಬಿಟ್ಟ.

“ಹೊಳಿಗೆ ಕಾಲ ಇಡಾಂಗಿಲ್ಲ. ಇಲ್ಲೇ ಇರೂನು.”

“ಇದು ಮುಳಗೂ ಹೊಲ, ಜಕ್ಕಪ್ಪ!”

“ಹೊಳಿ ದಂಡಿ ಏರಿ ಬಂದ ನನ್ನ ಹುಡಕತೈತೇನ್ರಿ ಅಕ್ಕಾರ?”

“ಹುಡಕತೈತಿ!” ಎಂದು ಕೂಗಿದೆ. ಹೊಳೆಗೆ ಹೆದರಿದವನು ಹೊಳೆಯ ಬಾಯಲ್ಲೇ ಕೂತಿದ್ದ! ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ವಿವರಿಸಿದ ದುರಂತ ನನ್ನದೇ ಹೊಲದಲ್ಲಿ ಕಂಬಳಿ ಹೊದ್ದು ಕೂತಿತ್ತು.

“ನಿಮ್ಮ ನಾಟಕ ಇಲ್ಲೇ ಚಾಲೂ ಆತು, ಏಳ್ರಿ ಅಕ್ಕಾರ!” ಎಂದ ರಾಮವ್ವ ಮುಂದಾಳು ಹೋತದ ಕೊಂಬು ಹಿಡಿದು ಬಾಂದಾರದ ಮೇಲೆ ನಡೆದೇಬಿಟ್ಟಳು. ಹೋತ ಹೋದಲ್ಲಿ ಕುರಿ. ಇಡೀ ಹಿಂಡು ಒಂದರ ಬಾಲಕ್ಕೊಂದು ಮೂತಿ ಹಚ್ಚಿ ಹೊರಟಿತು. ನಾನು ಒಂದು ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ಸೀರೆ ಎತ್ತಿ ಕಟ್ಟಿದೆ.

ಆಚೆ ದಂಡೆಯಲ್ಲಿ ಜನ ಸೇರಿ ಅರಚತೊಡಗಿದರು. “ಏ ಬಾಯಿ, ತಿರಗ! ನೀರ ಮ್ಯಾಲ ಬರಾಕತ್ತೈತಿ!”

“ತಿರಗಾಕ ಕುರಿಗೆ ರಿವರ್ಸ್ ಗೇರ ಐತೇನ್ಲೇ?” ಎಂದು ರಾಮವ್ವ ನಡೆಯುತ್ತಲೇ ಕೂಗಿದಳು.

ನಡುವೆ ನೀರು ನನ್ನ ಪಾದ ದಾಟಿತು. ಹಿಂದಿನ ಕುರಿಗಳು ಬೆದರಿ ನಿಂತವು. ಆಗ ಬೆನ್ನ ಹಿಂದೆ ಜಕ್ಕಪ್ಪನ ದನಿ! ಹೆಂಡತಿಯನ್ನು, ಹೊಳೆಯನ್ನು, ನನ್ನ ಪುಸ್ತಕವನ್ನು ಒಟ್ಟಿಗೆ ಬೈಯುತ್ತ ಕೋಲು ಬೀಸಿ ಓಡಿ ಬಂದ, ಹಿಂದಿನವನ್ನು ಮುಂದೆ ನೂಕಿದ. ದಂಡೆ ಇನ್ನು ಕೈಗೆ ಸಿಕ್ಕಿತು ಎನ್ನುವಾಗ ಒಂದು ಕುರಿ ಕಾಲು ಜಾರಿತು. ಒಮ್ಮೆ ಒದರಿತು, ಆಮೇಲೆ ಕೆಂಪು ನೀರು ಮಾತ್ರ.

ಉಳಿದವೆಲ್ಲ ದಂಡೆ ಹತ್ತಿದವು.

“ನೋಡಿದಿಲ್ಲ? ಹೇಳಿಕಿ ಖರೇ ಆತು,” ಎಂದು ಜಕ್ಕಪ್ಪ ಏದುಸಿರು ಬಿಟ್ಟ.

“ಆಗ್ಲಿ ಬಿಡ. ಬೇಡಿತ್ತು, ಒಂದ ತಗೊಂತು. ನೀ ಅಲ್ಲೇ ಕುಂತಿದ್ರ ಇಡೀ ಹಿಂಡ ಕೊಡಾಂವ ಇದ್ದಿ.”

ಸಂಜೆಗೆ ಆಚೆ ದಂಡೆಯಲ್ಲಿ ಹೊಲವಿರಲಿಲ್ಲ, ಬಾವಿಕಟ್ಟೆಯೂ ಕಾಣಲಿಲ್ಲ. ರಾಮವ್ವ ಅತ್ತ ನೋಡಿ ನನ್ನ ಕಡೆ ತಿರುಗಿದಳು.

“ಅಕ್ಕಾರ, ನಿಮ್ಮ ನಾಟಕದಾಗ ಆ ಓಡಾವ್ರಿಗೆ ಹೇಣ್ತ್ಯಾರ ಇರಲಿಲ್ಲೇನ್ರಿ?”

“ಇದ್ರು. ಅವ್ರ ಮಾತ ಯಾರೂ ಕೇಳಲಿಲ್ಲ.”

ಜಕ್ಕಪ್ಪ ಕಂಬಳಿ ಹಿಂಡುತ್ತ ಗೊಣಗಿದ: “ನಾನರ ಎಲ್ಲಿ ಕೇಳೀನ್ರಿ? ಹೋತಿನ ಕೊಂಬ ಹಿಡದ ಹೊಂಟೇ ಬಿಟ್ಲಲ್ಲ.”