ಸೀಟಿನೊಳಗೆ ಉಳಿದ ತುಂಡು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಲಾರಿ ಡ್ರೈವರುಗಳಿಂದ ಹಿಡಿದು ಎದುರಿನ ಪಂಕ್ಚರ್ ಅಂಗಡಿಯವನವರೆಗೆ ಎಲ್ಲರಿಗೂ ಅವಳು ಸೀಟಕ್ಕ. ಇಪ್ಪತ್ತೊಂಬತ್ತು ವರ್ಷದಿಂದ ಗಾಡಿಗಳ ಸೀಟು ಹೊಲಿದು ಹೊಲಿದು ಬಲಗೈ ಹೆಬ್ಬೆರಳು ಸ್ವಲ್ಪ ಹೊರಕ್ಕೆ ಬಾಗಿತ್ತು. ಬೆಳಿಗ್ಗೆ ಶಟರ್ ಎತ್ತುವಾಗಲೇ ಸೊಂಟ ಒಂದು ಮಾತು ಹೇಳುತ್ತಿತ್ತು, ಸಂಜೆ ಇಳಿಸುವಾಗ ಇನ್ನೊಂದು.

"ಊರೆಲ್ಲ ಮೆತ್ತಗೆ ಕೂರಲಿ ಅಂತ ನಾನು ಕಲ್ಲಿನ ಹಾಗೆ ಕೂತಿದ್ದೀನಿ ನೋಡು" ಎಂದು ಆಗಾಗ ಹೇಳುತ್ತಿದ್ದಳು. ಅದು ಗೊಣಗಾಟವೂ ಅಲ್ಲ, ತಮಾಷೆಯೂ ಅಲ್ಲ, ಸುಮ್ಮನೆ ಉಸಿರು ಬಿಟ್ಟ ಹಾಗೆ.

ಅಂಗಡಿ ಅತ್ತೆಯದು. ಅತ್ತೆಯಿಂದ ಗಂಡನಿಗೆ ಬಂದಿತ್ತು. ಗಂಡನ ಕಣ್ಣು ಮಂಜಾದ ಮೇಲೆ ಪೂರ್ತಿ ಇವಳ ಹೆಗಲಿಗೆ ಬಿತ್ತು. ಅವನು ಈಗ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಹಳೆಯ ಹೊಲಿಗೆಗಳನ್ನು ಬೆರಳಿನಿಂದಲೇ ಹುಡುಕಿ ಬ್ಲೇಡಿನಿಂದ ಬಿಚ್ಚಿ ಕೊಡುತ್ತಿದ್ದ. ಕಣ್ಣು ಮಂಜಾದರೂ ನಾಲಿಗೆ ಮಂಜಾಗಿರಲಿಲ್ಲ.

ಅತ್ತೆ ಸೊಸೆಗೆ ಕೆಲಸದ ಜೊತೆ ಎರಡು ಕಟ್ಟಳೆಗಳನ್ನೂ ಬಿಟ್ಟುಹೋಗಿದ್ದಳು. ಒಂದು, ರಿಪೇರಿ ಮಾಡಿದ್ದು ಯಾರ ಕಣ್ಣಿಗೂ ಕಾಣಬಾರದು. ಅತ್ತೆ ಬೆಂಕಿಕಡ್ಡಿ ಇಟ್ಟು ಕಾರ್ಖಾನೆಯ ಹೊಲಿಗೆ ಅಳೆಯುತ್ತಿದ್ದಳಂತೆ. ಕಡ್ಡಿಯುದ್ದಕ್ಕೆ ಹನ್ನೆರಡು ಹೊಲಿಗೆ ಇದ್ದರೆ ತಾನೂ ಹನ್ನೆರಡೇ, ಹದಿಮೂರಾದರೆ ಬಿಚ್ಚಿ ಮತ್ತೆ. ಇನ್ನೊಂದು, ಪ್ರತಿ ಸೀಟಿಗೂ ಹೊದಿಸಿ ಉಳಿದ ಬಟ್ಟೆಯಲ್ಲಿ ಅಂಗೈ ಅಗಲದ ತುಂಡೊಂದನ್ನು ಕತ್ತರಿಸಿ, ಅದರ ಬೆನ್ನಿಗೆ ಗಾಡಿಯ ನಂಬರು ಬರೆದು, ಸೀಟಿನ ಹೊಟ್ಟೆಯೊಳಗೆ ನಾಲ್ಕು ಹೊಲಿಗೆ ಹಾಕಿ ಬಿಡುವುದು. ಹತ್ತು ವರ್ಷದ ಮೇಲೆ ಅದು ಹರಿದು ಬಂದರೆ ತೇಪೆಗೆ ಅದೇ ಬಣ್ಣ ಒಳಗೇ ಸಿಗುತ್ತದೆ. ಬೇರೆ ಯಾವ ಅಂಗಡಿಯವರೂ ಹಾಗೆ ಮಾಡುತ್ತಿರಲಿಲ್ಲ. ಅಷ್ಟು ತಾಳ್ಮೆ ಯಾರಿಗಿದೆ?

ಒಂದು ಸೋಮವಾರ ಬೆಳಿಗ್ಗೆ ಕಂಪೌಂಡರು ಒಂದು ಕಾರಿನ ಹಿಂದಿನ ಸೀಟನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದರು. ಮೂಲೆಯ ಕ್ಲಿನಿಕ್ಕಿನಲ್ಲಿ ಮೂವತ್ತೈದು ವರ್ಷ ಮಾತ್ರೆ ಪೊಟ್ಟಣ ಕಟ್ಟಿಕೊಟ್ಟ ಮನುಷ್ಯ. ಡಾಕ್ಟರು ತೀರಿಕೊಂಡು, ಕ್ಲಿನಿಕ್ಕು ಕೈಬದಲಾಗಿ, ಕಟ್ಟಡ ಒಡೆಯುವಾಗ ಹಿಂದಿನ ಶೆಡ್ಡಿನಲ್ಲಿ ಮುರಿದ ಮಂಚಗಳ ಕೆಳಗೆ ಡಾಕ್ಟರ ಹಳೆಯ ಕಾರು ಸಿಕ್ಕಿತ್ತು. ಡಾಕ್ಟರ ಮಕ್ಕಳು, "ಬೇಕಿದ್ರೆ ತೊಗೊಂಡು ಹೋಗಿ, ಇಲ್ಲಾಂದ್ರೆ ಗುಜರಿಗೆ" ಎಂದಿದ್ದರು. ಇವರು ಬೇಕು ಎಂದರು. ಇಡಲು ಜಾಗವಿಲ್ಲ, ಓಡಿಸಲು ಬರುವುದಿಲ್ಲ, ಆದರೂ ಬೇಕು ಎಂದರು.

ಎರಡು ವರ್ಷದಿಂದ ಅವರ ಕಂಕುಳಲ್ಲಿ ಒಂದು ನೋಟ್‌ಬುಕ್ಕು. ಕಾರ್ಖಾನೆಯವರು ತಮ್ಮ ನಂಬರು ಕೊರೆದಿದ್ದ ತಗಡನ್ನು ತುಕ್ಕು ತಿಂದಿತ್ತು, ಹಾಗಾಗಿ ಅದು ಯಾವ ಮಾದರಿ ಎಂದು ಹೇಳುವವರಿಲ್ಲ. ಕಂಪೌಂಡರು ಕಂಡ ಕಂಡ ವಿಳಾಸಕ್ಕೆಲ್ಲ ಕಾಗದ ಬರೆದರು. ನಲವತ್ತೊಂದು ಕಾಗದಕ್ಕೆ ಆರು ಉತ್ತರ ಬಂತು. ಅದರಲ್ಲೊಂದು ಹಳೆಯ ಕಾರುಗಳ ಸಂಘದ್ದು. ಆ ಕಾರ್ಖಾನೆಯವರು ಹಿಂದಿನ ಸೀಟಿನ ಒರಗು ಪೂರ್ತಿ ಮಲಗಿ ಹಾಸಿಗೆಯಾಗುವಂಥ ಕಾರುಗಳನ್ನು ಬರೀ ಒಂಬತ್ತು ಮಾಡಿದ್ದರಂತೆ. ನೀವು ಕಳಿಸಿದ ಫೋಟೋದಲ್ಲಿ ಹೊಲಿಗೆ ಕಾರ್ಖಾನೆಯದೇ ಅನ್ನಿಸುತ್ತದೆ, ಗುರುವಾರ ನಮ್ಮವರೊಬ್ಬರು ಬಂದು ನೋಡುತ್ತಾರೆ, ನಿಜವಾದರೆ ಸಂಘದ ಶೆಡ್ಡಿನಲ್ಲಿ ಅದಕ್ಕೆ ಕಾಯಂ ಜಾಗ ಎಂದು ಬರೆದಿದ್ದರು.

"ಆಗಲಿಲ್ಲಾಂದ್ರೆ?" ಎಂದು ಕೇಳಿದಳು ಸೀಟಕ್ಕ.

"ತಿಂಗಳ ಕೊನೆಗೆ ಶೆಡ್ಡು ಒಡೀತಾರಮ್ಮ. ಗುಜರಿಯವನು ದಿನಾ ಬಂದು ನೋಡಿಕೊಂಡು ಹೋಗ್ತಾನೆ. ನಿನ್ನೆ ಬಾನೆಟ್ಟು ತಟ್ಟಿ ನೋಡಿದ, ಕಲ್ಲಂಗಡಿ ತಟ್ಟಿದ ಹಾಗೆ."

ಬಾಗಿಲ ಬಳಿಯಿಂದ ಗಂಡ, "ಹಣ್ಣಾಗಿದೆ ಅಂದನಾ?" ಎಂದ.

ಕಂಪೌಂಡರಿಗೆ ನಗು ಬರಲಿಲ್ಲ. ಸೀಟನ್ನು ಒರೆಸಿ, ಅಂಚಿನಲ್ಲಿ ಬಿಟ್ಟ ಹೊಲಿಗೆ ಹಾಕಿ, ಬುಧವಾರದೊಳಗೆ ಕೊಡಬೇಕು ಎಂದು ಎರಡೆರಡು ಸಲ ಹೇಳಿದರು. ನೋಟ್‌ಬುಕ್ಕು ತೆರೆದು ಕೊನೆಯ ಪುಟ ತೋರಿಸಿದರು. ಅಲ್ಲಿ ಉತ್ತರ ಸಿಗದ ಒಂದೇ ಪ್ರಶ್ನೆ ಉಳಿದಿತ್ತು. ಕಾರಿನೊಳಗೆ, ಹಿಂದುಗಡೆ, ಛಾವಣಿಗೆ ಅಂಟಿಸಿದ ಹಾಗೆ ಒಂದು ಚಿಕ್ಕ ಕನ್ನಡಿ ಓರೆಯಾಗಿ ಕೂತಿತ್ತು. ಅಷ್ಟು ಎತ್ತರದಲ್ಲಿ ಯಾರು ಮುಖ ನೋಡಿಕೊಳ್ಳುತ್ತಾರೆ? ಸಂಘದವರಿಗೂ ಗೊತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಒಂದು ವ್ಯಾನಿನ ಸೀಟು ಮುಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅವಳು ಡಾಕ್ಟರ ಸೀಟನ್ನು ಮಗುಚಿ ಹಾಕಿದಳು. ಹೊಲಿಗೆ ನೋಡಿದಾಗ ನಿಜಕ್ಕೂ ಖುಷಿಯಾಯಿತು. ಕಂದು ಚರ್ಮ, ಬೆರಳಗಲದ ನೆರಿಗೆಗಳು, ಎಲ್ಲೂ ಒಂದು ಎಳೆ ಹೆಚ್ಚಿಲ್ಲ ಕಮ್ಮಿಯಿಲ್ಲ. ಕಾರ್ಖಾನೆಯವರು ಅಂದರೆ ಕಾರ್ಖಾನೆಯವರೇ ಅಂದುಕೊಂಡಳು. ಕೆಳಗಿನ ಗೋಣಿ ಬಿಚ್ಚಿ, ನಾರಿನೊಳಗೆ ಬಿಟ್ಟುಹೋದ ದಾರ ಹುಡುಕಲು ಕೈ ಹಾಕಿದಳು. ಬೆರಳಿಗೆ ಏನೋ ತಗುಲಿತು. ನುಣುಪಾದ, ಅಂಗೈ ಅಗಲದ ಒಂದು ತುಂಡು. ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ.

ಅವಳು ಕೈ ಹೊರಗೆ ತೆಗೆಯದೆ ಹಾಗೇ ಕೂತಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ತುಂಡುಗಳನ್ನು ಎಷ್ಟು ಮುಟ್ಟಿದ್ದಳೋ, ಮುಟ್ಟಿದ ಕೂಡಲೇ ಯಾರ ಕೈ ಎಂದು ಗೊತ್ತಾಗುತ್ತಿತ್ತು. ಅತ್ತೆಯ ಗಂಟು ಸಣ್ಣದು, ಗಟ್ಟಿ, ಸಾಸಿವೆ ಕಾಳಿನ ಹಾಗೆ.

"ಏನೇ, ಸೂಜಿ ಚುಚ್ಚಿತಾ?" ಎಂದ ಗಂಡ, ಮೌನ ಕೇಳಿಸಿ.

"ಇದು ನಿಮ್ಮಮ್ಮನ ಕೈಕೆಲಸ ರೀ."

ಅವಳು ತುಂಡನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಬೆನ್ನಿಗೆ ನೀಲಿ ಪೆನ್ಸಿಲಿನಲ್ಲಿ ಕಾರಿನ ನಂಬರು. ಅದರ ಕೆಳಗೆ ಒಂದು ಸಾಲು: ಅಕ್ಕನವರಿಗೆ. ಎಡ ಭುಜದ ಹತ್ತಿರ ಮೆತ್ತಗೆ. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಬರೆದದ್ದು ಮಗ, ಅಂದರೆ ಇವಳ ಗಂಡ, ಆಗಿನ್ನೂ ಇಪ್ಪತ್ತರ ಹುಡುಗ. ಅವನ ಒಂಬತ್ತಿನ ಬಾಲ ಇವತ್ತಿಗೂ ಮೀನಿನ ಗಾಳದ ಹಾಗೆ. ಗಂಡ ತುಂಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಅಕ್ಷರ ತನ್ನದೇ, ಆದರೆ ಯಾವ ಅಕ್ಕನವರೆಂದು ನೆನಪಾಗಲಿಲ್ಲ.

ಅರ್ಥವಾಗಲು ಕಷ್ಟವೇನಿರಲಿಲ್ಲ. ಡಾಕ್ಟರ ಕಾರು ಒಂಬತ್ತರಲ್ಲಿ ಒಂದಲ್ಲ. ಅದು ಸಾಮಾನ್ಯ ಕಾರು. ಅದರ ಸೀಟನ್ನು ಮಲಗುವ ಸೀಟು ಮಾಡಿದ್ದು ಈ ಅಂಗಡಿಯಲ್ಲೇ, ಅವಳು ಈಗ ಕೂತಿದ್ದ ಜಾಗದಲ್ಲೇ. ಅತ್ತೆ ಬೆಂಕಿಕಡ್ಡಿ ಇಟ್ಟು ಎಷ್ಟು ಸರಿಯಾಗಿ ಹೊಲಿದಿದ್ದಳೆಂದರೆ, ನಲವತ್ತು ವರ್ಷದ ಮೇಲೆ ಬಲ್ಲವರೇ ಅದನ್ನು ಕಾರ್ಖಾನೆಯದು ಅಂದುಕೊಂಡಿದ್ದರು.

"ತೆಗೆದು ಒಲೆಗೆ ಹಾಕು" ಎಂದ ಗಂಡ ಕೊನೆಗೆ. "ನಂಗೂ ಕಾಣಲ್ಲ, ನೀನೂ ಕಂಡಿಲ್ಲ. ಮುಗೀತು."

"ಅತ್ತೆ ಕಂಡಿದ್ದಾರಲ್ಲ."

"ಅಮ್ಮ ಬಂದು ಸಾಕ್ಷಿ ಹೇಳ್ತಾಳಾ? ಹೇಳಿದ್ರೂ ಮೊದಲು ನಿನ್ನ ಅಂಚಿನ ಪೈಪಿಂಗ್ ಸೊಟ್ಟ ಅಂತ ಹೇಳ್ತಾಳೆ."

ಅವಳಿಗೆ ನಗು ಬಂತು, ಆದರೆ ಅದು ತುಟಿಯವರೆಗೆ ಬರುವಷ್ಟರಲ್ಲಿ ಸುಸ್ತಾಯಿತು. ಇಷ್ಟು ವರ್ಷ ಬೇರೆಯವರ ಭಾರ ಹೊರುವ ಸೀಟು ಹೊಲಿದದ್ದು ಸಾಲದು ಅಂತ ಈಗ ಇದೊಂದು. ಬಿಸಾಡಿದರೆ ಕಾರು ಉಳಿಯುತ್ತದೆ. ಇಟ್ಟರೆ ಗುಜರಿ. ಅಂಗೈ ಅಗಲದ ಚರ್ಮ ಅಷ್ಟು ತೂಗಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ದಾರದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

ಬುಧವಾರ ಕಂಪೌಂಡರು ಬಂದಾಗ ಸೀಟು ಸಿದ್ಧವಾಗಿತ್ತು. ಅವರು ನೆರಿಗೆಗಳ ಮೇಲೆ ಕೈಯಾಡಿಸಿ, "ಹೊಸದರ ಹಾಗಿದೆ ತಾಯಿ" ಎಂದರು. ಅವಳು ಡಬ್ಬಿ ತೆಗೆದು ತುಂಡನ್ನು ಅವರ ಅಂಗೈಯಲ್ಲಿಟ್ಟಳು. ಮನೆಯ ಪದ್ಧತಿ ಏನು, ಇದು ಯಾರ ಹೊಲಿಗೆ, ಇದರ ಅರ್ಥ ಏನು, ಒಂದೊಂದಾಗಿ ಹೇಳಿದಳು. ಕಂಪೌಂಡರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ನೀವು ಇದನ್ನ ನೋಡದೇ ಇದ್ದಿದ್ರೆ ಚೆನ್ನಾಗಿತ್ತು."

"ಹೌದಣ್ಣ. ನಂಗೂ ಹಾಗೇ ಅನ್ನಿಸ್ತು."

"ನಾಳೆ ಅವರು ಕೇಳಿದ್ರೆ?"

"ನಾನಾಗಿ ಹೇಳಲ್ಲ. ಕೇಳಿದ್ರೆ ಸುಳ್ಳು ಹೇಳೋಕೆ ಬರಲ್ಲ. ನಂಗೆ ಸುಳ್ಳು ಹೇಳಿದ ಮೇಲೆ ಅದನ್ನ ನೆನಪಿಟ್ಟುಕೊಳ್ಳೋವಷ್ಟು ಶಕ್ತಿ ಇಲ್ಲಣ್ಣ."

ಕಂಪೌಂಡರು ಪಕ್ಕದ ಬೆಂಚಿನ ಮೇಲೆ ಕುಸಿದ ಹಾಗೆ ಕೂತರು. ಎರಡು ವರ್ಷದ ಕಾಗದಗಳೆಲ್ಲ ಹೆಗಲ ಮೇಲೆ ಒಟ್ಟಿಗೆ ಬಿದ್ದ ಹಾಗಿತ್ತು. "ಯಾವ ಅಕ್ಕನವರು?" ಎಂದು ತಮಗೇ ಹೇಳಿಕೊಂಡರು. "ನಾನು ಸೇರಿದಾಗ ಡಾಕ್ಟರ ಮನೇಲಿ ಅಕ್ಕ ಅಂತ ಯಾರೂ ಇರಲಿಲ್ಲ. ಈ ಕಾರಲ್ಲಿ ರೋಗಿಗಳನ್ನ ಮಲಗಿಸಿಕೊಂಡು ಹೋಗ್ತಿದ್ರು ಅಂತಲೇ ನಾನು ಎಲ್ಲ ಕಡೆ ಬರೆದಿದ್ದೀನಿ. ಸೀಟಿಗೆ ಉತ್ತರ ಇದು ಅಂದ್ರೆ, ಆ ಹಾಳು ಕನ್ನಡಿಗೆ ಏನು ಉತ್ತರ?"

ಬಾಗಿಲ ಬಳಿ ಬ್ಲೇಡು ನಿಂತಿತು.

"ಕನ್ನಡಿ ಛಾವಣಿಗೆ ಇದೆಯಾ? ಹಿಂದುಗಡೆ? ಓರೆಯಾಗಿ?" ಎಂದು ಕೇಳಿದ ಗಂಡ.

"ಹೌದು. ನಿಮಗೆ ಹೇಗೆ ಗೊತ್ತು?"

"ನಾನೇ ಹಾಕಿದ್ದು ಕಣ್ರೀ!" ಗಂಡ ಸ್ಟೂಲಿನಿಂದ ಅರ್ಧ ಎದ್ದಿದ್ದ. "ಈಗ ನೆನಪಾಯ್ತು ನೋಡಿ. ಡಾಕ್ಟರಿಗೆ ಒಬ್ಬರು ಅಕ್ಕ ಇದ್ರು. ಬೆನ್ನುಮೂಳೆ ತೊಂದರೆ. ಕೂರೋಕೆ ಆಗ್ತಿರಲಿಲ್ಲ, ಮಲಗೇ ಇರಬೇಕು. ಭಾನುವಾರ ಡಾಕ್ಟರು ಅವರನ್ನ ಕಾರಲ್ಲಿ ಮಲಗಿಸಿ ಊರು ಸುತ್ತಿಸ್ತಿದ್ರು. ಮಲಗಿದ್ರೆ ಏನು ಕಾಣುತ್ತೆ? ಕಾರಿನ ಛಾವಣಿ. ಎರಡನೇ ವಾರ ಡಾಕ್ಟರು ಬಂದು, 'ನಮ್ಮಕ್ಕ ಏನೂ ಕಾಣಲ್ಲ ಅಂತ ಅಳ್ತಾಳೆ' ಅಂದ್ರು. ಅಮ್ಮ ನಮ್ಮನೆ ಕನ್ನಡೀನೇ ಬಿಚ್ಚಿಕೊಟ್ಟಳು. ನಾನು ಇಲ್ಲೇ ಕಾರೊಳಗೆ ಮಲಗಿಕೊಂಡು, ರಸ್ತೆ ಕಾಣೋವರೆಗೂ ತಿರುಗಿಸಿ ತಿರುಗಿಸಿ ಸ್ಕ್ರೂ ಬಿಗಿದೆ. ಆಮೇಲೆ ಒಂದು ತಿಂಗಳು ನಾನು ಬಕೆಟ್ ನೀರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದೆ!"

ಕಂಪೌಂಡರು ನೋಟ್‌ಬುಕ್ಕು ತೆಗೆದು ಕೊನೆಯ ಪುಟಕ್ಕೆ ಬಂದರು. ಪೆನ್ನು ಕೈಯಲ್ಲಿ ಹಿಡಿದು, ಬರೆಯದೆ, ಹಾಗೇ ಕೂತಿದ್ದರು.

"ತುಂಡು ಎಲ್ಲಿತ್ತೋ ಅಲ್ಲೇ ಹೊಲೀರಿ" ಎಂದು ಹೇಳಿ ಎದ್ದು ಹೋದರು.

ಗುರುವಾರ ಸೀಟಕ್ಕ ತುಂಡನ್ನು ಮತ್ತೆ ಒಳಗೆ ಹೊಲಿದ ಸೀಟನ್ನು ಕ್ಲಿನಿಕ್ಕಿನ ಹಿಂದಿನ ಶೆಡ್ಡಿಗೆ ತಂದು ಕಾರಿನಲ್ಲಿ ಕೂರಿಸುವಷ್ಟರಲ್ಲಿ ಸಂಘದವರು ಬಂದರು. ಇಸ್ತ್ರಿ ಮಾಡಿದ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ಶೆಡ್ಡಿನಲ್ಲಿ ಕಾರಿನ ಸುತ್ತ ಎರಡು ಸುತ್ತು ಬಂದು, ಮೊಣಕಾಲೂರಿ, ಟಾರ್ಚು ಹಾಕಿ ನೋಡಿದರು. ಸೀಟಿನ ಒರಗನ್ನು ಮಲಗಿಸಿದರು, ಎತ್ತಿದರು. ನೆರಿಗೆಗಳನ್ನು ಸ್ಕೇಲಿಟ್ಟು ಅಳೆದರು. ಅವರ ಮುಖ ಅರಳುತ್ತಿತ್ತು. ಕೊನೆಗೆ ಅವರು ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ರೂಢಿಯ ಪ್ರಶ್ನೆಯ ಹಾಗೆ ಕೇಳಿದರು.

"ಅಮ್ಮಾ, ಸೀಟು ಬಿಚ್ಚಿದವರು ನೀವೇ ಅಲ್ವಾ? ಒಳಗೆ ಬೇರೆಯವರು ಕೈ ಹಾಕಿದ ಗುರುತು ಏನಾದ್ರೂ ಇತ್ತಾ?"

ಅವಳು ಕಂಪೌಂಡರ ಕಡೆ ನೋಡಿದಳು. ಅವರು ಗಾಳಿ ಇಳಿದ ಟೈರನ್ನು ನೋಡುತ್ತಿದ್ದರು. ಅವಳು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಕಂಪೌಂಡರೇ ತಲೆಯೆತ್ತದೆ, "ತೋರಿಸಮ್ಮ" ಎಂದರು.

ಅವಳು ಸೀಟು ಮಗುಚಿ, ಗೋಣಿ ಸರಿಸಿ ತೋರಿಸಿದಳು. ಸಂಘದವರು ತುಂಡನ್ನು ಮುಟ್ಟದೆ ಬಹಳ ಹೊತ್ತು ನೋಡಿದರು, ಫೋಟೋ ತೆಗೆದುಕೊಂಡರು. ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

"ಇಂಥ ಹೊಲಿಗೆ ನಾನು ನೋಡಿಲ್ಲ" ಎಂದರು. "ಆದ್ರೆ ಸಹಿ ಹಾಕೋಕಾಗಲ್ಲ. ಒಂಬತ್ತು ಅಂದ್ರೆ ಒಂಬತ್ತೇ. ಕ್ಷಮಿಸಿ."

ಕಂಪೌಂಡರು ಅವರನ್ನು ಕನ್ನಡಿಯ ಹತ್ತಿರ ಕರೆದುಕೊಂಡು ಹೋಗಿ ಅಕ್ಕನವರ ಕಥೆ ಪೂರ್ತಿ ಹೇಳಿದರು, ಒಂದು ಮಾತೂ ಬಿಡದೆ. ಸಂಘದವರು ಕೇಳಿದರು, ತಲೆಯಾಡಿಸಿದರು. ಕೇಳಿ ಹೊರಟುಹೋದರು.

ಇಬ್ಬರೂ ಹಿಂದಕ್ಕೆ ನಡೆದು ಬಂದರು. ಅಂಗಡಿಯ ಮುಂದೆ ಬಂದಾಗ ಅವಳು ನಿಂತು ತಮ್ಮ ತಗಡಿನ ಚಪ್ಪರ ನೋಡಿದಳು. ಅದು ಗಿರಾಕಿಗಳ ಗಾಡಿ ನಿಲ್ಲಿಸುವ ಜಾಗ, ಒತ್ತಿದರೆ ಎರಡು ಹಿಡಿಯುತ್ತಿತ್ತು. ಒಂದು ಕಡೆ ಒಂದು ಕಾರು ಕಾಯಂ ನಿಂತರೆ ಉಳಿಯುವುದು ಒಂದೇ. ಬಾಕಿ ಕೆಲಸವೆಲ್ಲ ಬಿಸಿಲಲ್ಲಿ. ಅವಳ ಸೊಂಟ ಆಗಲೇ ಗೊಣಗಿತು.

"ಗುಜರಿಯವನಿಗೆ ಬರಬೇಡ ಅಂತ ಹೇಳಿಬಿಡಿ ಅಣ್ಣ" ಎಂದಳು.

"ಬೇಡ ತಾಯಿ. ನಿಮಗೆ ಇರೋದೇ ಇಷ್ಟು ಜಾಗ."

"ನನ್ನ ಅತ್ತೆ ಅಷ್ಟು ಚೆನ್ನಾಗಿ ಹೊಲೀದೇ ಇದ್ದಿದ್ರೆ ನೀವು ಎರಡು ವರ್ಷ ಅಲೀತಿರಲಿಲ್ಲ. ತಪ್ಪು ನಮ್ಮನೇದೇ. ಇಲ್ಲೇ ಇರಲಿ."

"ನನ್ನ ಕೇಳಿದೆಯಾ?" ಎಂದು ಗಂಡ ಒಳಗಿನಿಂದ ಕೂಗಿದ.

"ಕೇಳಿದೆ. ನಿಮಗೆ ಕಾಣಲ್ಲವಲ್ಲ, ಇದ್ದರೇನು ಬಿಟ್ಟರೇನು?"

"ಹಾಗಾದ್ರೆ ಕನ್ನಡಿ ನನಗೆ ವಾಪಸ್ ಬೇಕು. ನಲವತ್ತು ವರ್ಷ ಆಯ್ತು."

ತಿಂಗಳ ಕೊನೆಯ ದಿನ ಬೆಳಿಗ್ಗೆ ಪಂಕ್ಚರ್ ಅಂಗಡಿಯವನು ನಾಲ್ಕು ಟೈರಿಗೂ ಗಾಳಿ ತುಂಬಿದ. ಅವನು, ಕಂಪೌಂಡರು, ಸೀಟಕ್ಕ ಮೂವರೂ ಹಿಂದಿನಿಂದ ತಳ್ಳಿದರು. ಗಂಡ ಸ್ಟಿಯರಿಂಗು ಹಿಡಿದು ಕೂತಿದ್ದ. ಬೀದಿಯವರೆಲ್ಲ ನೋಡಿ ನಕ್ಕರು, "ಯಜಮಾನರೇ, ಎಡಕ್ಕೆ! ಇನ್ನೂ ಎಡಕ್ಕೆ!" ಎಂದು ದಾರಿ ಹೇಳಿದರು. ಕಾರು ಚಪ್ಪರದೊಳಗೆ ಹೋಗಿ, ಗೋಡೆಗೆ ಗೇಣು ಬಿಟ್ಟು ನಿಂತಿತು. ಅವಳು ಚಕ್ರಕ್ಕೆ ಇಟ್ಟಿಗೆ ಕೊಟ್ಟು ಮಂಡಿ ಹಿಡಿದು ಎದ್ದಳು.

ಕಂಪೌಂಡರು ಹಿಂದಿನ ಬಾಗಿಲು ತೆರೆದು, ಒರಗು ಮಲಗಿಸಿ, ಚಪ್ಪಲಿ ಹೊರಗೆ ಬಿಟ್ಟು ನಿಧಾನಕ್ಕೆ ಒಳಗೆ ಮಲಗಿದರು. ಕನ್ನಡಿಯಲ್ಲಿ ಬೀದಿ, ಪಂಕ್ಚರ್ ಅಂಗಡಿ, ಒಂದು ಸೈಕಲ್ಲು ಕಂಡವು. ಅಲ್ಲೇ ಮಲಗಿಕೊಂಡು ನೋಟ್‌ಬುಕ್ಕನ್ನು ಎದೆಯ ಮೇಲಿಟ್ಟು ಕೊನೆಯ ಪುಟದಲ್ಲಿ ಏನೋ ಬರೆಯತೊಡಗಿದರು.

"ಏನು ಕಾಣುತ್ತಣ್ಣ?" ಎಂದು ಕೇಳಿದಳು ಅವಳು.

"ನೀವು ಕಾಣ್ತೀರ. ತುಂಬಾ ಸುಸ್ತಾದ ಹಾಗೆ ಕಾಣ್ತೀರ."

"ಕನ್ನಡಿ ಸರಿಯಾಗೇ ಇದೆ ಹಾಗಾದ್ರೆ" ಎಂದು ಹೇಳಿ, ಸೀಟಕ್ಕ ಬಿಸಿಲಲ್ಲಿ ಕಾಯುತ್ತಿದ್ದ ವ್ಯಾನಿನ ಕಡೆ ನಡೆದಳು.