ಸುರಗಿ ಪದದ ಹ್ಞೂಂಕಾರ

ಸೊರಟೂರಿನಲ್ಲಿ ಯಾರ ಮನೆಯಲ್ಲಿ ಸುರಗಿ ಸುತ್ತಿದರೂ ಪದ ಹೇಳಲಿಕ್ಕೆ ಖಾತುನಬಿಯೇ ಬರಬೇಕು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಸಿನ ಹಚ್ಚುವಾಗ ಅವಳ ಧ್ವನಿ ಏಳದಿದ್ದರೆ ಮದುವೆ ಶುರುವಾದಂತೆಯೇ ಅಲ್ಲ ಎನ್ನುವ ಮುದುಕಿಯರಿದ್ದಾರೆ. ನಲವತ್ತು ವರ್ಷದಿಂದ ಇದೇ ನಡೆದಿದೆ. ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು, ಪದ ಹೇಳುವುದು ಅವಳ ಜಂಬ. "ಅಮೃತವ್ವ ಹೆಂಗ ಕೊಟ್ಲೋ ಹಂಗ ಇಟ್ಟೇನಿ. ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಮ್ಮಿ ಇಲ್ಲ" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಾಳೆ.

ಗಂಡ ಮರ್ದಾನಸಾಬ ಊರಿಗೂ ಗದಗಿಗೂ ನಡುವೆ ಟಂಟಂ ಓಡಿಸುತ್ತಾನೆ. ಅವನಿಗೆ ಪದವೆಂದರೆ ಅಷ್ಟಕ್ಕಷ್ಟೇ. "ಹಾಡಿದ್ದ ಹಾಡೋ ಕಿಸಬಾಯಿ ದಾಸ" ಎಂದು ಅವನು ಛೇಡಿಸಿದರೆ, "ಕೋಣನ ಮುಂದ ಕಿನ್ನರಿ ಯಾಕ ಬಾರಸ್ಲಿ" ಎಂದು ಇವಳು ರೊಟ್ಟಿಯ ಹಂಚಿನತ್ತ ತಿರುಗುತ್ತಾಳೆ.

ಪದ ಅವಳಿಗೆ ಬಂದದ್ದು ಬರೀ ಕಿವಿಯಿಂದ. ಲಕ್ಷ್ಮೇಶ್ವರದಿಂದ ಸೊಸೆಯಾಗಿ ಬಂದ ವರ್ಷವೇ ಬಸಿರಾಗಿ, ನೀರು ಕುಡಿದರೂ ವಾಂತಿಯಾಗುತ್ತಿದ್ದ ದಿನಗಳು. ಪಕ್ಕದ ಮನೆಯ ಅಮೃತವ್ವ ತನ್ನ ಪಡಸಾಲೆಯಲ್ಲಿ ಅವಳಿಗೆ ಚಾಪೆ ಹಾಸಿಕೊಟ್ಟು, ಹುಟ್ಟುವ ಕೂಸಿಗೆ ಕೌದಿ ಹೊಲಿಯುತ್ತ ಹಾಡುತ್ತಿದ್ದಳು. ಖಾತುನಬಿ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಅಮೃತವ್ವ ಮೂವತ್ತರೊಳಗೇ ಗಂಡನನ್ನು ಕಳೆದುಕೊಂಡವಳು. ಸುರಗಿಯ ಹತ್ತಿರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಎಂಥ ಅನ್ಯಾಯ ನೋಡಿ, ಹದಿನೆಂಟು ನುಡಿಯ ಪದ ಹೊಟ್ಟೆಯಲ್ಲಿಟ್ಟುಕೊಂಡವಳು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯಬೇಕು. "ನಾ ಹೇಳಾಂಗಿಲ್ಲ, ನೀ ಹೇಳು" ಎಂದು ಅದನ್ನು ಇವಳ ಕಿವಿಗೆ ಹಾಕಿದಳು. ಮುಂದೆ ಮದುವೆಗಳಲ್ಲಿ ಖಾತುನಬಿ ಹಾಡುವಾಗ ಅಮೃತವ್ವ ಅಡಿಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮೂರನೆಯ ನುಡಿ ಮುಗಿಯುವ ಹೊತ್ತಿಗೆ ಸೆರಗು ಬಾಯಿಗೆ ಹೋಗುತ್ತಿತ್ತು. ಪಾಪ, ಅಳುತ್ತಾಳೆಂದು ಖಾತುನಬಿಯ ಕರುಳು ಚುರ್ ಎನ್ನುತ್ತಿತ್ತು.

ಅಮೃತವ್ವ ತೀರಿಕೊಂಡು ಆರು ವರ್ಷವಾಯಿತು. ಈಚೆಗೆ ಖಾತುನಬಿಗೂ ಹದಿನೆಂಟು ನುಡಿಗೆ ದಮ್ಮು ಸಾಲುತ್ತಿಲ್ಲ. ಪದ ತನ್ನ ಜೊತೆಗೇ ಹೋಗಿಬಿಟ್ಟರೆ ಎಂಬ ಹೆದರಿಕೆ ಅವಳಿಗಿತ್ತು. ಹಾಗಿರುವಾಗ ಅಮೃತವ್ವನ ಮೊಮ್ಮಗಳು ಮಾಯಾ ಟಂಟಂನಿಂದ ಇಳಿದಳು. ಗದಗಿನ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಎಂಟು ದಿನಕ್ಕೆ ಅವಳ ತಂಗಿಯ ಮದುವೆ.

"ಚಿಗವ್ವಾ, ತಂಗಿ ಸುರಗಿಗೆ ಆಯಿ ಪದಾ ನಾನ ಹೇಳಬೇಕು. ನೀ ಹಾಡು, ನಾ ಸ್ವರಲಿಪಿ ಬರಕೋತೀನಿ."

"ಪದಾ ಬರಿಯೂದಂದ್ರೇನ? ಕೇಳೂದು, ಹೇಳೂದು, ಮತ್ತ ಕೇಳೂದು."

"ನೀ ತಿಂಗಳಗಟ್ಟಲೆ ಮಲಗಿ ಕೇಳಿದಿ. ನನಗ ಎಂಟ ದಿನಾ ಅಷ್ಟ ಐತಿ."

ಮಾತು ಖರೆ. ಖಾತುನಬಿ ಹಾಡಿದಳು. ಮಾಯಾ ತೊಡೆಯ ಮೇಲೆ ತಾಳ ಹಾಕುತ್ತ ಸಾ ರಿ ಗ ಎಂದು ಬರೆದುಕೊಂಡಳು. ಮೂರನೆಯ ನುಡಿ ಮುಗಿದಾಗ ಪೆನ್ಸಿಲು ನಿಂತಿತು.

"ಇಲ್ಲಿ ಮೂಗಿನಾಗ ಹ್ಞೂಂ ಅಂತ ಎಳದೆಲ್ಲಾ, ಯಾಕ?"

"ಪದಾ ಇರೂದ ಹಂಗ."

ಐದರಲ್ಲಿ, ಒಂಬತ್ತರಲ್ಲಿ, ಹದಿಮೂರರಲ್ಲಿ ಮತ್ತೆ ಅದೇ ಹ್ಞೂಂ ಬಂತು. ಮಾಯಾ ತಲೆ ಕೆರೆದುಕೊಂಡು, "ಚಿಗವ್ವಾ, ಇದು ತಾಳಕ್ಕ ಕೂಡವಲ್ದು" ಎಂದಳು.

"ನಿಮ್ಮ ಆಯಿ ಲೆಕ್ಕಾ ಹಾಕಿ ಹಾಡಾಕಿ ಅಲ್ಲ!" ಖಾತುನಬಿಗೆ ಸಿಟ್ಟೇ ಬಂತು. ಹುಡುಗಿ ಪದ ಕೆಡಿಸುತ್ತಾಳೆಂದು ಗಂಡನ ಮುಂದೆ ಗೊಣಗಿದಳು. "ಹಾಳ್ಯಾಗಿಟ್ರ ಕೆಡಾಕ ಅದೇನು ಹಾಲೇನ?" ಎಂದು ಅವನು ನಕ್ಕ.

ಮೂರು ದಿನ ಬಿಟ್ಟು ಮಾಯಾ ಹಾರ್ಮೋನಿಯಂ ಪೇಟಿ ಸಮೇತ ಬಂದಳು. ಹಾಳೆ ಮುಂದಿಟ್ಟುಕೊಂಡು ಶುರು ಮಾಡಿದಳು. ತಪ್ಪು ಹಿಡಿಯಲೇಬೇಕೆಂದು ಖಾತುನಬಿ ಕೌದಿ ಹೊಲಿಯುತ್ತ ಕಿವಿಗೊಟ್ಟಳು. ಅಕ್ಷರ ತಪ್ಪಿರಲಿಲ್ಲ, ಧಾಟಿ ತಪ್ಪಿರಲಿಲ್ಲ. ಹ್ಞೂಂ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಪದ ಸಲೀಸಾಗಿ ಮುಂದಿನ ನುಡಿಗೆ ಇಳಿಯುತ್ತಿತ್ತು. ಹುಡುಗಿಯ ಧ್ವನಿಯಲ್ಲಿ ಅಮೃತವ್ವನ ಛಾಯೆ ಕಂಡು ಸಿಟ್ಟು ಇಳಿದು, ತಾನೂ ದನಿಗೂಡಿಸಿದಳು.

ಖಾತುನಬಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿ ಅರಿವೆಗೆ ಚುಚ್ಚಿಟ್ಟುಕೊಂಡು ಕೂರುವವಳು ಅವಳು. ನಡುವೆ ಎಂದೂ ಪೋಣಿಸುವುದಿಲ್ಲ. ಅಂದು ಪದದ ಗುಂಗಿನಲ್ಲಿ ಕೈ ಜೋರಾಗಿ ಓಡಿ ಹತ್ತೂ ಸೂಜಿ ಖಾಲಿಯಾದವು. ಹಾಡು ನಿಲ್ಲಿಸಲು ಮನಸ್ಸಿಲ್ಲ. ದಾರದ ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡಿದಳು. ತುಟಿ ಮುಚ್ಚಿತು, ಪದ ಮೂಗಿನಿಂದ ಹೊರಬಂತು.

ಹ್ಞೂಂ.

ಮಾಯಾಳ ಬೆರಳು ಪೇಟಿಯ ಮೇಲೆಯೇ ನಿಂತವು. ಖಾತುನಬಿ ದಾರ ಬಾಯಿಂದ ತೆಗೆದು ಅದನ್ನೇ ನೋಡುತ್ತ ಕೂತಳು.

"ಯವ್ವಾ, ಇದು ಪದಾ ಅಲ್ಲ" ಎಂದಳು. "ನಿಮ್ಮ ಆಯಿ ಸೂಜಿಗೆ ದಾರ ಪೋಣಸ್ತಿದ್ಲು! ದಿನಾ ಅವ ನುಡಿಗೆ ದಾರ ಮುಗೀತಿತ್ತೇನೋ. ನಾ ಗ್ವಾಡಿ ಕಡೆ ಮಾರಿ ಮಾಡಿದ್ದೆ, ಕಾಣಲಿಲ್ಲ."

ಮೊದಲು ನಾಚಿಕೆಯಾಯಿತು. ನಲವತ್ತು ವರ್ಷ, ಊರಿನಷ್ಟೂ ಸುರಗಿಗಳಲ್ಲಿ, ಗಂಭೀರವಾಗಿ ಮೂಗೆಳೆದಿದ್ದೇನಲ್ಲ ಎಂದು ಮುಖ ಕೆಂಪಾಯಿತು. ಆಮೇಲೆ ಅಡಿಗೆಮನೆ ಬಾಗಿಲಲ್ಲಿ ಅಮೃತವ್ವ ಬಾಯಿಗಿಟ್ಟ ಸೆರಗು ನೆನಪಾಯಿತು. "ಅಳತಿದ್ದಿಲ್ಲ ಮುದುಕಿ! ನಗತಿದ್ಲು! ಒಂದ ಸಲಾನೂ ಹೇಳಲಿಲ್ಲ ನೋಡ!" ಎನ್ನುತ್ತ, ಕಣ್ಣಲ್ಲಿ ನೀರು ಬರುವ ತನಕ ಇಬ್ಬರೂ ನಕ್ಕರು.

ನಗು ನಿಂತ ಮೇಲೆ ಅವಳೇ ಹೇಳಿದಳು. "ನೀ ಬರದದ್ದಕ್ಕ ಗೊತ್ತಾತು. ಇಲ್ಲಾಂದ್ರ ಗೋರಿ ತನಕಾ ಹ್ಞೂಂ ಅಂತಿದ್ದೆ. ಆತು, ಅದನ್ನ ಬಿಟ್ಟಬಿಡು." ಹೇಳಿದಳು ಸರಿ. ಒಳಗೆ ಮಾತ್ರ ಏನೋ ಕಳೆದುಕೊಂಡಂತೆ ಎರಡು ದಿನ ಮಂಕಾಗಿದ್ದಳು.

ಮದುವೆಯ ದಿನ ನೂಲು ಸುತ್ತಿಯಾಯಿತು. ಮಾಯಾ ಪೇಟಿಯ ಮುಂದೆ ಕೂತಳು. ಖಾತುನಬಿ ಅಡಿಗೆಮನೆ ಬಾಗಿಲಿಗೆ ಹೋಗಿ ನಿಂತಳು. ಒಂದು ನುಡಿಯಾಯಿತು, ಎರಡಾಯಿತು. ಮೂರನೆಯದು ಮುಗಿಸಿ ಮಾಯಾ ಹಾಳೆಯಲ್ಲಿದ್ದಂತೆ ನಾಲ್ಕಕ್ಕೆ ಇಳಿದಳು. ಆದರೆ ಸುತ್ತ ಕುಳಿತ ಹೆಂಗಸರು ಇಳಿಯಲಿಲ್ಲ. ಅರಿಸಿನ ಹಚ್ಚುತ್ತಿದ್ದವರು, ಆರತಿ ಹಿಡಿದವರು, ಹರ್ತಿಯಿಂದ ಬಂದ ಬೀಗಿತಿಯರಿಗೆ ಚಹಾ ಕೊಡುತ್ತಿದ್ದವರು, ಊರಿನ ಮೂವತ್ತು ಹೆಂಗಸರು ಒಟ್ಟಿಗೆ ತುಟಿ ಮುಚ್ಚಿ "ಹ್ಞೂಂ" ಎಂದು ಎಳೆದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳಿ ಕೇಳಿ ಬಂದದ್ದು.

ಮಾಯಾ ತಾಳ ತಪ್ಪಿದಳು. ಹಾಳೆ ನೋಡಿದಳು, ಹೆಂಗಸರನ್ನು ನೋಡಿದಳು. ಹಾಳೆಯನ್ನು ಮಡಚಿ ಪೇಟಿಯ ಅಡಿಗೆ ತಳ್ಳಿದಳು. ಐದನೆಯ ನುಡಿಗೆ ಎಲ್ಲರಿಗಿಂತ ಉದ್ದ ಎಳೆದವಳು ಅವಳೇ.

ನೀರು ಕೇಳಲು ಬಂದ ಮರ್ದಾನಸಾಬ, ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಕಂಡು ಗಾಬರಿಯಾದ.

"ಯಾಕ, ಅಳಾಕತ್ತಿಯೇನ?"

ಅವಳು ಅಲ್ಲವೆಂದು ತಲೆಯಾಡಿಸಿ, ಒಂಬತ್ತನೆಯ ನುಡಿ ಬರುವುದನ್ನು ಕಾಯುತ್ತ ನಿಂತಳು.